ಡೆನ್ಮಾರ್ಕ್ ಒಕ್ಕೂಟ ಸೇರಿತು. ಗ್ರೀನ್‌ಲ್ಯಾಂಡ್‌ನ ಸಿಗಡಿಗೆ ಏನಾಯಿತು?

ಪ್ರಶ್ನೆ: 1973ರಲ್ಲಿ ಬ್ರಿಟನ್ ಮತ್ತು ಡೆನ್ಮಾರ್ಕ್ ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪವಾದ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿದವು. ಆಗ ಡೆನ್ಮಾರ್ಕ್‌ನ ಅಧೀನದಲ್ಲಿದ್ದ ಗ್ರೀನ್‌ಲ್ಯಾಂಡ್, ಫೆರೋ ಮತ್ತು ಬ್ರಿಟನ್ನಿನ ಅಧೀನದಲ್ಲಿದ್ದ ಫಾಕ್‌ಲ್ಯಾಂಡ್‌ನಂತಹ ದೂರದ ಪ್ರದೇಶಗಳ ರಫ್ತಿಗೂ ಒಕ್ಕೂಟದ ಸುಂಕ ವಿನಾಯಿತಿ ತಾನಾಗಿಯೇ ಸಿಕ್ಕಿತೇ? ಭಾರತ ಮಾಡಿಕೊಂಡ ಒಪ್ಪಂದ ಅಂಡಮಾನಿಗೂ ಅನ್ವಯಿಸುವ ಹಾಗೆಯೇ ಇದು ಎಂದು ತಿಳಿಯಬಹುದೇ? ಇದರ ಪರಿಣಾಮವನ್ನು ರಫ್ತಿನ ಅಂಕಿಅಂಶಗಳಲ್ಲಿ ಗುರುತಿಸುವುದು ಹೇಗೆ?

ಉತ್ತರ: ತಾನಾಗಿಯೇ ಸಿಗಲಿಲ್ಲ. ನೀವು ಹೆಸರಿಸಿದ ಮೂರು ಪ್ರದೇಶಗಳಿಗೆ ಮೂರು ಬೇರೆ ಬೇರೆ ಗತಿಗಳಾದವು ಎಂಬುದೇ ಇದಕ್ಕೆ ಸಾಕ್ಷಿ. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು ಎಷ್ಟೇ ದೂರವಿದ್ದರೂ ಭಾರತದ ಸುಂಕ ಗಡಿಯ ಒಳಗೇ ಇವೆ. ಮಂಗಳೂರಿನಿಂದ ಹೊರಡುವ ಮೀನಿಗೆ ಯಾವ ಕಾನೂನೋ ಅಲ್ಲಿಂದ ಹೊರಡುವ ಮೀನಿಗೂ ಅದೇ ಕಾನೂನು. ಯುರೋಪಿನ ದೇಶಗಳ ಸಾಗರೋತ್ತರ ಪ್ರದೇಶಗಳ ಸಂಗತಿ ಹಾಗಿಲ್ಲ. ಅವುಗಳಲ್ಲಿ ಹೆಚ್ಚಿನವು ಸಾರ್ವಭೌಮ ದೇಶದ ಧ್ವಜದ ಅಡಿಯಲ್ಲಿದ್ದರೂ ಅದರ ಸುಂಕ ಗಡಿಯಿಂದ ಹೊರಗಿವೆ, ತಮ್ಮದೇ ಆಮದು ಸುಂಕವನ್ನು ವಿಧಿಸುತ್ತವೆ. ಹೀಗಾಗಿ ಆ ದೇಶ ಒಂದು ಒಕ್ಕೂಟಕ್ಕೆ ಸೇರುವಾಗ ತನ್ನ ದೂರದ ಪ್ರದೇಶವನ್ನು ಗಡಿಯ ಯಾವ ಬದಿಗೆ ನಿಲ್ಲಿಸುತ್ತದೆ ಎಂಬುದನ್ನು ಒಪ್ಪಂದದಲ್ಲೇ ಬರೆಯಬೇಕಾಗುತ್ತದೆ. ರಫ್ತಿನ ಭವಿಷ್ಯ ಬಹುಮಟ್ಟಿಗೆ ಆ ಒಂದು ವಿಧಿಯಲ್ಲಿ ತೀರ್ಮಾನವಾಗುತ್ತದೆ. ಆ ವಿಧಿಯನ್ನು ಬರೆಯುವ ಮೇಜಿನ ಬಳಿ ದ್ವೀಪದ ಜನರಿಗೆ ಕುರ್ಚಿ ಇರುವುದು ಅಪರೂಪ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಬಹುತೇಕ ತೊಡಕುಗಳ ಬೇರು ಅಲ್ಲಿದೆ.

ಈ ವ್ಯವಸ್ಥೆ ಶುರುವಾದದ್ದು ಸಮುದಾಯವನ್ನು ಸ್ಥಾಪಿಸಿದ 1957ರ ರೋಮ್ ಒಪ್ಪಂದದಲ್ಲಿ. ಫ್ರಾನ್ಸಿಗೆ ಆಗ ಆಫ್ರಿಕಾದಲ್ಲಿ, ಕೆರಿಬಿಯನ್ನಿನಲ್ಲಿ, ಪೆಸಿಫಿಕ್‌ನಲ್ಲಿ ವಿಶಾಲವಾದ ಅಧೀನ ಪ್ರದೇಶಗಳಿದ್ದವು. ಅವುಗಳ ಸರಕು ಇದ್ದಕ್ಕಿದ್ದಂತೆ ಹೊರಗಿನವರ ಸರಕಾಗಿಬಿಡುವುದನ್ನು ಅದು ಒಪ್ಪಲಿಲ್ಲ. ಅದರ ಒತ್ತಾಯದಿಂದ ಒಪ್ಪಂದದಲ್ಲಿ ನಾಲ್ಕನೆಯ ಭಾಗವೊಂದು ಸೇರಿಕೊಂಡು, ಪಟ್ಟಿಯಲ್ಲಿ ಹೆಸರಿರುವ ಸಾಗರೋತ್ತರ ಪ್ರದೇಶಗಳಿಗೆ ‘ಸಹಯೋಗಿ’ ಸ್ಥಾನ ದೊರೆಯಿತು. ಈ ಸ್ಥಾನದ ತಿರುಳು ಇಷ್ಟು: ಆ ಪ್ರದೇಶದಲ್ಲಿ ಹುಟ್ಟಿದ ಸರಕು ಸದಸ್ಯ ದೇಶಗಳಿಗೆ ಬಂದರೆ ಆಮದು ಸುಂಕವಿಲ್ಲ; ಆದರೆ ಯುರೋಪಿನಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ಆ ಪ್ರದೇಶ ತನ್ನ ಬೊಕ್ಕಸಕ್ಕಾಗಿ ಅಥವಾ ಉದ್ಯಮಗಳ ಬೆಳವಣಿಗೆಗಾಗಿ ಸುಂಕ ಹಾಕಬಹುದು. ಅಂದರೆ ಲಾಭ ಏಕಮುಖವಾದದ್ದು, ಮತ್ತು ಬಡ ದ್ವೀಪಗಳ ಮಟ್ಟಿಗೆ ಅದು ನ್ಯಾಯವಾದದ್ದೇ ಆಗಿತ್ತು. ಇದರ ಹೊರತಾಗಿ, ಮಾರ್ಟಿನೀಕ್, ಗ್ವಾಡಲೂಪ್, ರೆಯೂನಿಯನ್‌ನಂತಹ ದ್ವೀಪಗಳು ಫ್ರಾನ್ಸಿನ ಜಿಲ್ಲೆಗಳೇ ಆಗಿದ್ದುದರಿಂದ ಕ್ರಮೇಣ ಒಕ್ಕೂಟದ ಒಳಗೇ ಸೇರಿಕೊಂಡವು. ಅಲ್ಲಿ ಇಂದು ಯುರೋಪಿನ ಎಲ್ಲ ನಿಯಮಗಳೂ ಕೆಲವು ವಿಶೇಷ ಸಡಿಲಿಕೆಗಳೊಂದಿಗೆ ಅನ್ವಯವಾಗುತ್ತವೆ.

1973ರ ಜನವರಿ 1ರಂದು ಬ್ರಿಟನ್ ಸೇರಿದಾಗ ಪ್ರಶ್ನೆ ಇನ್ನಷ್ಟು ಜಟಿಲವಾಯಿತು. 1932ರ ಒಟ್ಟಾವಾ ಒಪ್ಪಂದಗಳ ಕಾಲದಿಂದ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಸಾಮ್ರಾಜ್ಯದ, ಆಮೇಲೆ ಕಾಮನ್‌ವೆಲ್ತ್‌ನ ಸರಕಿಗೆ ಸುಂಕದ ರಿಯಾಯಿತಿ ಇತ್ತು. ಹೊರಗಿನಿಂದ ಬರುವ ಸರಕಿಗೆ ಎಲ್ಲ ಸದಸ್ಯ ದೇಶಗಳೂ ಒಂದೇ ದರದಲ್ಲಿ ಹಾಕುವ ಸಮುದಾಯದ ಸಮಾನ ಹೊರಗಡಿ ಸುಂಕವನ್ನು ಒಪ್ಪಿಕೊಂಡ ಬ್ರಿಟನ್ ಆ ರಿಯಾಯಿತಿಯನ್ನು ಹಂತಹಂತವಾಗಿ ತೆಗೆಯಬೇಕಾಯಿತು. ಭಾರತದ ರಫ್ತುದಾರರಿಗೂ ಅದರ ಬಿಸಿ ತಟ್ಟಿತು. ಭಾರತ 1973ರ ಕೊನೆಯಲ್ಲಿ ಸಮುದಾಯದೊಡನೆ ವಾಣಿಜ್ಯ ಸಹಕಾರ ಒಪ್ಪಂದ ಮಾಡಿಕೊಂಡದ್ದರ ಹಿನ್ನೆಲೆ ಇದೇ. ಬ್ರಿಟನ್ನಿನ ಅಧೀನ ಪ್ರದೇಶಗಳಲ್ಲಿ ಫಾಕ್‌ಲ್ಯಾಂಡ್, ಸೇಂಟ್ ಹೆಲೆನಾದಂತಹ ಚಿಕ್ಕವು ಸಹಯೋಗಿ ಪಟ್ಟಿಗೆ ಸೇರಿದವು. ಜವಳಿ ಮತ್ತು ಸಿದ್ಧ ಉಡುಪಿನಲ್ಲಿ ಜಗತ್ತಿನ ದೊಡ್ಡ ರಫ್ತುದಾರನಾಗಿದ್ದ ಹಾಂಗ್‌ಕಾಂಗ್ ಮಾತ್ರ ಪಟ್ಟಿಯಿಂದ ಹೊರಗುಳಿಯಿತು. ಅದಕ್ಕೆ ಸುಂಕವಿಲ್ಲದ ಪ್ರವೇಶ ಕೊಟ್ಟರೆ ತಮ್ಮ ಗಿರಣಿಗಳು ಉಳಿಯಲಾರವು ಎಂಬ ಭಯ ಉಳಿದ ಸದಸ್ಯರಿಗಿತ್ತು. ಒಂದೇ ರಾಣಿಯ ಆಡಳಿತ, ಒಂದೇ ವರ್ಷ, ಒಂದೇ ಒಪ್ಪಂದ; ಆದರೂ ಕುರಿಯ ಉಣ್ಣೆ ಮಾರುವ ದ್ವೀಪಕ್ಕೆ ಒಂದು ನ್ಯಾಯ, ಅಂಗಿ ಹೊಲಿಯುವ ನಗರಕ್ಕೆ ಇನ್ನೊಂದು. ಸದಸ್ಯ ದೇಶಗಳ ಉತ್ಪಾದಕರಿಗೆ ಪೈಪೋಟಿ ಒಡ್ಡುವಷ್ಟು ದೊಡ್ಡದಲ್ಲದ ಪ್ರದೇಶಕ್ಕೆ ಸುಂಕ ವಿನಾಯಿತಿ ಸುಲಭವಾಗಿ ಸಿಗುತ್ತದೆ ಎಂಬ ಸಾಮಾನ್ಯ ನಡವಳಿಕೆಯನ್ನು ಇಲ್ಲಿಂದಲೇ ಗುರುತಿಸಬಹುದು.

ಈ ವಿಷಯವನ್ನು ಆಳವಾಗಿ ಅರಿಯಲು ಡೆನ್ಮಾರ್ಕ್‌ನ ಎರಡು ಪ್ರದೇಶಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಗ್ರೀನ್‌ಲ್ಯಾಂಡ್‌ನಲ್ಲಿ ಸುಮಾರು 56 ಸಾವಿರ ಜನರಿದ್ದಾರೆ, ಫೆರೋ ದ್ವೀಪಗಳಲ್ಲಿ 54 ಸಾವಿರ. ಎರಡೂ ಕಡೆ ಸರಕು ರಫ್ತಿನಲ್ಲಿ ಶೇ. 90ರಷ್ಟು ಅಥವಾ ಅದಕ್ಕೂ ಹೆಚ್ಚಿನ ಪಾಲು ಮೀನಿನದು. ಎರಡಕ್ಕೂ ಒಬ್ಬನೇ ರಾಜ. ಆದರೆ ಫೆರೋ 1948ರಲ್ಲೇ ಸ್ವಯಮಾಡಳಿತ ಪಡೆದಿತ್ತು. ಗ್ರೀನ್‌ಲ್ಯಾಂಡ್ 1953ರ ಸಂವಿಧಾನ ತಿದ್ದುಪಡಿಯಲ್ಲಿ ವಸಾಹತಿನ ಸ್ಥಾನ ಕಳೆದುಕೊಂಡು ಡೆನ್ಮಾರ್ಕ್‌ನ ಒಂದು ಜಿಲ್ಲೆಯಾಗಿತ್ತು. ಈ ಆಡಳಿತಾತ್ಮಕ ವ್ಯತ್ಯಾಸವೇ 1972ರಲ್ಲಿ ನಿರ್ಣಾಯಕವಾಯಿತು.

ಆ ವರ್ಷದ ಅಕ್ಟೋಬರ್ 2ರ ಜನಮತಗಣನೆಯಲ್ಲಿ ಡೆನ್ಮಾರ್ಕ್ ಶೇ. 63ರಷ್ಟು ಮತದಿಂದ ಸಮುದಾಯ ಸೇರುವುದನ್ನು ಒಪ್ಪಿತು. ಗ್ರೀನ್‌ಲ್ಯಾಂಡ್‌ನ ಮತದಾರರಲ್ಲಿ ಸುಮಾರು ಶೇ. 70ರಷ್ಟು ಮಂದಿ ಬೇಡವೆಂದಿದ್ದರು. ಅವರ ಮತವನ್ನು ಪ್ರತ್ಯೇಕವಾಗಿ ಪರಿಗಣಿಸುವ ಅವಕಾಶವೇ ಇರಲಿಲ್ಲವಾದ್ದರಿಂದ ಇಡೀ ದ್ವೀಪ 1973ರಲ್ಲಿ ಒಕ್ಕೂಟದ ಒಳಗೆ ಬಂದಿತು. ಅದರ ಮೀನಿಗೆ ಸುಂಕವಿಲ್ಲದ ಮಾರುಕಟ್ಟೆ ದೊರೆಯಿತು, ಪ್ರಾದೇಶಿಕ ಅಭಿವೃದ್ಧಿ ನಿಧಿಯಿಂದ ಹಣವೂ ಬಂದಿತು. ಆದರೆ ಇದರ ಇನ್ನೊಂದು ಮುಖ ಸಮುದ್ರದಲ್ಲಿತ್ತು. ಬ್ರಿಟನ್ ಮತ್ತು ಡೆನ್ಮಾರ್ಕ್ ಜೊತೆ ಮಾತುಕತೆ ಆರಂಭವಾಗುವ ಮುನ್ನವೇ, 1970ರಲ್ಲಿ, ಆಗಿನ ಆರು ಸದಸ್ಯರು ಎಲ್ಲ ಸದಸ್ಯ ದೇಶಗಳ ದೋಣಿಗಳಿಗೂ ಪರಸ್ಪರರ ಸಮುದ್ರದಲ್ಲಿ ಸಮಾನ ಪ್ರವೇಶವೆಂಬ ತತ್ವವನ್ನು ಅಂಗೀಕರಿಸಿಬಿಟ್ಟಿದ್ದರು. ಇದೇ ಭಯ ಕಾಡಿದ ನಾರ್ವೆಯ ಮತದಾರರು 1972ರ ಸೆಪ್ಟೆಂಬರ್‌ನಲ್ಲಿ ಸೇರ್ಪಡೆಯನ್ನು ತಿರಸ್ಕರಿಸಿದರು. ಗ್ರೀನ್‌ಲ್ಯಾಂಡ್‌ಗೆ ಆ ಆಯ್ಕೆ ಇರಲಿಲ್ಲ. ಅದರ ಕಡಲಿನಲ್ಲಿ ಯಾರು ಎಷ್ಟು ಹಿಡಿಯಬೇಕೆಂಬ ನಿರ್ಧಾರ ಸಮುದಾಯದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ಗೆ ಹೋಯಿತು. ಪಶ್ಚಿಮ ಜರ್ಮನಿಯ ದೊಡ್ಡ ಟ್ರಾಲರುಗಳು ಅಲ್ಲಿ ಕಾಡ್ ಮೀನು ಹಿಡಿಯುತ್ತಿದ್ದುದು ಸ್ಥಳೀಯ ಮೀನುಗಾರರ ಕಣ್ಣೆದುರಿನ ಸಂಕಟವಾಗಿತ್ತು. ಮಾರುವವನಿಗೆ ಮಾರುಕಟ್ಟೆಯ ಬಾಗಿಲು ತೆರೆದು, ಅವನ ಕಣಜದ ಬೀಗದ ಕೈಯನ್ನು ಇಸಿದುಕೊಂಡ ಹಾಗಾಯಿತು ಅದು.

1979ರ ಮೇ 1ರಂದು ಸ್ವಯಮಾಡಳಿತ ಬಂದ ಮೇಲೆ ಗ್ರೀನ್‌ಲ್ಯಾಂಡ್ ಈ ಪ್ರಶ್ನೆಯನ್ನು ಮತ್ತೆ ಜನರ ಮುಂದಿಟ್ಟಿತು. 1982ರ ಫೆಬ್ರವರಿ 23ರಂದು ಸುಮಾರು ಶೇ. 53ರಷ್ಟು ಮತದಾರರು ಹೊರಬರುವ ಪರವಾಗಿ ನಿಂತರು. 1985ರ ಫೆಬ್ರವರಿ 1ರಂದು ಅದು ಸಮುದಾಯದಿಂದ ಹೊರಬಂದಿತು. ಈಗ ನಿಮ್ಮ ಪ್ರಶ್ನೆಗೆ ತೀರ ಮುಖ್ಯವಾದ ಭಾಗ ಬರುತ್ತದೆ. ಹೊರಬಂದ ಗ್ರೀನ್‌ಲ್ಯಾಂಡ್ ಸಾಗರೋತ್ತರ ಸಹಯೋಗಿಯ ಸ್ಥಾನ ಪಡೆಯಿತು. ಅದಕ್ಕಾಗಿಯೇ ಬರೆದ ವಿಶೇಷ ಪ್ರೋಟೋಕಾಲ್ ಪ್ರಕಾರ ಅದರ ಮೀನು ಯುರೋಪಿಗೆ ಸುಂಕವಿಲ್ಲದೆ ಬರಬಹುದು, ಆದರೆ ಒಂದು ಷರತ್ತಿನ ಮೇಲೆ: ಅದರ ಕಡಲಿನಲ್ಲಿ ಮೀನು ಹಿಡಿಯಲು ಒಕ್ಕೂಟಕ್ಕೆ ಸಿಗುವ ಅವಕಾಶ ಒಕ್ಕೂಟಕ್ಕೆ ತೃಪ್ತಿಕರವಾಗಿರಬೇಕು. ಆ ಅವಕಾಶಕ್ಕೆ ಪ್ರತಿಯಾಗಿ ಒಕ್ಕೂಟ ಹಣವನ್ನೂ ಕೊಡುತ್ತದೆ. ಮೊದಲ ಒಪ್ಪಂದದಲ್ಲಿ ಅದು ವರ್ಷಕ್ಕೆ 265 ಲಕ್ಷ ಯುರೋಪಿಯನ್ ಕರೆನ್ಸಿ ಯುನಿಟ್‌ಗಳಷ್ಟಿತ್ತು (ಯುರೋ ಬರುವ ಮುಂಚೆ ಸಮುದಾಯ ಬಳಸುತ್ತಿದ್ದ ಲೆಕ್ಕದ ಹಣ). ಉಳಿದ ಸಹಯೋಗಿ ಪ್ರದೇಶಗಳಿಗೆ ಹಕ್ಕಾಗಿ ದೊರೆತ ವಿನಾಯಿತಿ ಗ್ರೀನ್‌ಲ್ಯಾಂಡ್‌ಗೆ ಕೊಡುಕೊಳುವಿಕೆಯ ವಸ್ತುವಾಗಿ ದೊರೆಯಿತು. ಆದರೂ ನನ್ನ ತೀರ್ಮಾನದಲ್ಲಿ, ಒಳಗಿದ್ದಾಗಿನದಕ್ಕಿಂತ ಇದು ಅದಕ್ಕೆ ಒಳ್ಳೆಯ ವ್ಯವಸ್ಥೆಯಾಯಿತು, ಏಕೆಂದರೆ ಸುಂಕವಿಲ್ಲದ ಮಾರುಕಟ್ಟೆ ಉಳಿಯಿತು, ಮೀನಿನ ಪಾಲನ್ನು ನಿರ್ಧರಿಸುವ ಅಧಿಕಾರ ಮರಳಿತು, ಬಿಟ್ಟುಕೊಟ್ಟ ಪಾಲಿಗೆ ಬೆಲೆಯೂ ಬಂದಿತು.

ಈ ವಿನಾಯಿತಿ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಸುಂಕದ ದರಗಳಿಂದಲೇ ತಿಳಿಯಬೇಕು. ಉತ್ತರ ಅಟ್ಲಾಂಟಿಕ್‌ನ ಶೀತಜಲ ಸಿಗಡಿಯನ್ನು ಹಸಿಯಾಗಿ ಹೆಪ್ಪುಗಟ್ಟಿಸಿ ಯುರೋಪಿಗೆ ಕಳುಹಿಸಿದರೆ ರಿಯಾಯಿತಿ ಇಲ್ಲದ ದೇಶಕ್ಕೆ ಶೇ. 12ರ ಸುಂಕ, ಅದನ್ನೇ ಬೇಯಿಸಿ ಸುಲಿದು ಕಳುಹಿಸಿದರೆ ಶೇ. 20. ಸಾಲ್ಮನ್ ಮೀನಿಗೂ ಹೀಗೆಯೇ: ತಾಜಾ ಮೀನಿಗೆ ಶೇ. 2, ಹೊಗೆಯಲ್ಲಿ ಒಣಗಿಸಿದ್ದಕ್ಕೆ ಶೇ. 13. ಸಂಸ್ಕರಣೆ ಹೆಚ್ಚಿದಂತೆ ಸುಂಕ ಏರುವ ಈ ರಚನೆಯ ಉದ್ದೇಶ ಸ್ಪಷ್ಟವಾಗಿದೆ: ಕಚ್ಚಾ ಮೀನು ಹೊರಗಿನಿಂದ ಬರಲಿ, ಅದನ್ನು ಸುಲಿಯುವ, ಕತ್ತರಿಸುವ, ಡಬ್ಬಿಗೆ ತುಂಬುವ ಕೆಲಸ ಯುರೋಪಿನ ಒಳಗೆ ಉಳಿಯಲಿ. ನಾರ್ವೆಯ ಸಾಲ್ಮನ್ ಬಹುಪಾಲು ಪೋಲೆಂಡಿನ ಕಾರ್ಖಾನೆಗಳಲ್ಲಿ ಹೊಗೆ ಕಾಣುವುದರ ಹಿಂದೆ ಅಗ್ಗದ ಕೂಲಿಯ ಜೊತೆಗೆ ಈ ಸುಂಕವೂ ಇದೆ. ಹಾಗಾಗಿ ಒಂದು ಸಾಗರೋತ್ತರ ಪ್ರದೇಶ ಸುಂಕದ ಗೋಡೆಯ ಒಳಗಿದೆಯೋ ಹೊರಗಿದೆಯೋ ಎಂಬುದು ಎಷ್ಟು ಟನ್ ಮೀನು ರಫ್ತಾಗುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಯಾವ ರೂಪದಲ್ಲಿ ರಫ್ತಾಗುತ್ತದೆ ಮತ್ತು ಅದರ ಮೇಲಿನ ಕೂಲಿ ಯಾವ ಊರಿನಲ್ಲಿ ಸಂದಾಯವಾಗುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಬೇರೆ ಉದ್ಯೋಗವೇ ಇಲ್ಲದ ಒಂದು ಕರಾವಳಿ ಹಳ್ಳಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಫೆರೋ ತನ್ನ ಸ್ವಯಮಾಡಳಿತದ ಬಲದಿಂದ ಪ್ರತ್ಯೇಕ ತೀರ್ಮಾನದ ಹಕ್ಕನ್ನು ಉಳಿಸಿಕೊಂಡಿತ್ತು. ಡೆನ್ಮಾರ್ಕ್‌ನ ಸೇರ್ಪಡೆ ಒಪ್ಪಂದದಲ್ಲಿ ಅದಕ್ಕೆ 1975ರ ಕೊನೆಯವರೆಗೆ ಯೋಚಿಸಲು ಕಾಲಾವಕಾಶ ಸಿಕ್ಕಿತು. 1974ರ ಜನವರಿಯಲ್ಲೇ ಅದರ ಸಂಸತ್ತು ಸೇರುವುದು ಬೇಡವೆಂದು ನಿರ್ಣಯಿಸಿತು. ಸಹಯೋಗಿಯೂ ಆಗದೆ, ಸದಸ್ಯನೂ ಆಗದೆ ಅದು ಪೂರ್ತಿಯಾಗಿ ಹೊರಗುಳಿಯಿತು. ಅದರ ಪರಿಣಾಮವಾಗಿ ಪ್ರತಿಯೊಂದು ರಿಯಾಯಿತಿಯನ್ನೂ ಅದು ಚೌಕಾಸಿ ಮಾಡಿಯೇ ಪಡೆಯಬೇಕಾಯಿತು: ಮೊದಲು 1970ರ ದಶಕದ ವ್ಯಾಪಾರ ಏರ್ಪಾಡು, ಆಮೇಲೆ 1991ರ ಒಪ್ಪಂದ, ಅದರ ಜಾಗಕ್ಕೆ ಬಂದ ಮತ್ತು ಈಗಲೂ ಜಾರಿಯಲ್ಲಿರುವ ಒಪ್ಪಂದ. ಇದರ ಅಡಿಯಲ್ಲಿ ಫೆರೋದ ಮುಖ್ಯ ಮೀನುಗಳಿಗೆ ಸುಂಕವಿಲ್ಲದಿದ್ದರೂ ಸಂಸ್ಕರಿಸಿದ ಕೆಲವು ಉತ್ಪನ್ನಗಳಿಗೆ ಪ್ರಮಾಣದ ಮಿತಿಗಳಿವೆ. ಹೊರಗುಳಿದವರ ಬೆಲೆ ಅದು.

ಇನ್ನೂ ಹೆಚ್ಚಿನ ಬೆಲೆ 2013ರಲ್ಲಿ ತಿಳಿಯಿತು. ಅಟ್ಲಾಂಟಿಕ್‌ನ ಹೆರಿಂಗ್ ಮೀನನ್ನು ನೆರೆಯ ದೇಶಗಳ ನಡುವೆ ಹಂಚಿಕೊಳ್ಳುವ ಏರ್ಪಾಡಿನಿಂದ ಫೆರೋ ಹೊರಬಂದು ತನಗೆ ತಾನೇ ದೊಡ್ಡ ಪಾಲನ್ನು ನಿಗದಿ ಮಾಡಿಕೊಂಡಿತು. ಅದಕ್ಕೆ ಪ್ರತೀಕಾರವಾಗಿ ಯುರೋಪಿಯನ್ ಒಕ್ಕೂಟ 2013ರ ಆಗಸ್ಟ್‌ನಲ್ಲಿ ಫೆರೋದ ಹೆರಿಂಗ್ ಮತ್ತು ನಮ್ಮ ಬಂಗುಡೆಯ ಬಳಗಕ್ಕೆ ಸೇರಿದ ಮ್ಯಾಕೆರೆಲ್ ಮೀನುಗಳ ಆಮದನ್ನು ನಿಷೇಧಿಸಿತು. ಒಕ್ಕೂಟದ ಸದಸ್ಯನಾದ ಡೆನ್ಮಾರ್ಕ್ ತನ್ನದೇ ರಾಜ್ಯದ ಒಂದು ಭಾಗದ ದೋಣಿಗಳಿಗೆ ತನ್ನ ಬಂದರುಗಳನ್ನು ಮುಚ್ಚಬೇಕಾಯಿತು. ಫೆರೋ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರತ್ಯೇಕ ಸದಸ್ಯನಲ್ಲವಾದ್ದರಿಂದ ಅಲ್ಲಿ ಅದರ ಪರವಾಗಿ ದೂರು ಕೊಡಬೇಕಾದದ್ದೂ ಡೆನ್ಮಾರ್ಕೇ. 2013ರ ನವೆಂಬರ್‌ನಲ್ಲಿ ಅದು ತಾನೇ ಸದಸ್ಯನಾಗಿರುವ ಒಕ್ಕೂಟದ ವಿರುದ್ಧ ದೂರು ದಾಖಲಿಸಿತು. ಮುಂದಿನ ವರ್ಷದ ಆಗಸ್ಟ್‌ನಲ್ಲಿ ರಾಜಿಯಾಗಿ ನಿಷೇಧ ತೆರವಾಯಿತು. ಒಂದೇ ದೇಶದ ಎರಡು ಭಾಗಗಳು ಸುಂಕ ಗಡಿಯ ಎರಡು ಬದಿಗಳಲ್ಲಿರುವುದರ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ಇನ್ನೊಂದಿಲ್ಲ.

ಅದೇ 2014ರ ಆಗಸ್ಟ್‌ನಲ್ಲಿ ಇದರ ತದ್ವಿರುದ್ಧ ಫಲವೂ ಕಾಣಿಸಿತು. ಉಕ್ರೇನ್ ವಿಷಯದಲ್ಲಿ ವಿಧಿಸಲಾದ ನಿರ್ಬಂಧಗಳಿಗೆ ಪ್ರತಿಯಾಗಿ ರಷ್ಯಾ ಯುರೋಪಿಯನ್ ಒಕ್ಕೂಟ ಮತ್ತು ನಾರ್ವೆಯ ಆಹಾರ ಪದಾರ್ಥಗಳನ್ನು ನಿಷೇಧಿಸಿತು. ಫೆರೋ ಆ ಪಟ್ಟಿಯಲ್ಲಿರಲಿಲ್ಲ. ಡೆನ್ಮಾರ್ಕ್‌ನ ಮೀನಿಗೆ ಮುಚ್ಚಿದ ಮಾಸ್ಕೋ ಮಾರುಕಟ್ಟೆ ಡೆನ್ಮಾರ್ಕ್‌ನ ರಾಜನ ಅಧೀನದಲ್ಲೇ ಇರುವ ದ್ವೀಪದ ಸಾಲ್ಮನ್‌ಗೆ ತೆರೆದೇ ಇತ್ತು, ಅದೂ ಒಳ್ಳೆಯ ಬೆಲೆಗೆ. ಈ ಲಾಭದ ನೈತಿಕತೆಯ ಬಗ್ಗೆ ಫೆರೋದ ಒಳಗೂ ಹೊರಗೂ ವಾದಗಳಿವೆ, ಅವು ಗಂಭೀರವಾದವೇ. ಇಲ್ಲಿ ಗಮನಿಸಬೇಕಾದದ್ದು, ಒಕ್ಕೂಟದಿಂದ ಹೊರಗಿರುವ ಪ್ರದೇಶಕ್ಕೆ ಒಕ್ಕೂಟದ ಶತ್ರುತ್ವಗಳೂ ಅನ್ವಯಿಸುವುದಿಲ್ಲ ಎಂಬುದನ್ನು.

ಸಹಯೋಗಿ ಸ್ಥಾನ ಸಿಕ್ಕ ಮೇಲೆ ಎಲ್ಲವೂ ಸುಗಮ ಎಂದೂ ತಿಳಿಯಬಾರದು. ಸುಂಕ ವಿನಾಯಿತಿ ಸಿಗುವುದು ಆ ಪ್ರದೇಶದಲ್ಲಿ ಹುಟ್ಟಿದ ಸರಕಿಗೆ ಮಾತ್ರ, ಮತ್ತು ಯಾವುದನ್ನು ಹುಟ್ಟಿದ್ದೆಂದು ಒಪ್ಪಬೇಕು ಎಂಬುದನ್ನು ಸರಕಿನ ಮೂಲದ ನಿಯಮಗಳು ಹೇಳುತ್ತವೆ. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ಗೆ ಸೇರಿದ, ಸಹಯೋಗಿ ಪಟ್ಟಿಯಲ್ಲಿದ್ದ ಕೆರಿಬಿಯನ್ನಿನ ಅರುಬಾ ದ್ವೀಪದ ಒಂದು ಕಂಪನಿ ಟ್ರಿನಿಡಾಡ್‌ನಿಂದ ಸಕ್ಕರೆ ತರಿಸಿ, ಅರೆದು, ಶುಚಿ ಮಾಡಿ, ಪೊಟ್ಟಣ ಕಟ್ಟಿ ಅರುಬಾದ ಸಕ್ಕರೆಯೆಂದು ಯುರೋಪಿಗೆ ಕಳುಹಿಸುತ್ತಿತ್ತು. ಆಗಿದ್ದ ನಿಯಮ ಇದಕ್ಕೆ ಅವಕಾಶ ಕೊಟ್ಟಿತ್ತು. ಆದರೆ ಯುರೋಪಿನ ಬೀಟ್‌ರೂಟ್ ಸಕ್ಕರೆ ಬೆಳೆಗಾರರಿಗೆ ಅದು ಬೆದರಿಕೆಯಾಗಿ ಕಂಡಾಗ 1997ರಲ್ಲಿ ನಿಯಮ ಬದಲಾಗಿ ಇಂತಹ ಸಕ್ಕರೆಗೆ ವರ್ಷಕ್ಕೆ 3,000 ಟನ್ನಿನ ಮಿತಿ ಬಂದಿತು. 2000ರ ಫೆಬ್ರವರಿಯಲ್ಲಿ ಯುರೋಪಿನ ನ್ಯಾಯಾಲಯ ಆ ಮಿತಿಯನ್ನು ಎತ್ತಿಹಿಡಿಯಿತು. ಏಕಪಕ್ಷೀಯವಾಗಿ ಕೊಟ್ಟ ರಿಯಾಯಿತಿಯನ್ನು ಏಕಪಕ್ಷೀಯವಾಗಿಯೇ ಕುಗ್ಗಿಸಬಹುದು. ಅದನ್ನು ನಂಬಿ ಕಾರ್ಖಾನೆ ಕಟ್ಟಿದವನು ಮುಳುಗಬಹುದು.

ಮೀನಿನ ವಿಷಯದಲ್ಲಿ ಮೂಲದ ನಿಯಮ ಇನ್ನೂ ಸೂಕ್ಷ್ಮ. ಕರಾವಳಿಯಿಂದ 12 ನಾಟಿಕಲ್ ಮೈಲಿಗಳ ಆಚೆ ಹಿಡಿದ ಮೀನಿನ ಮೂಲವನ್ನು ಹಿಡಿದ ಸಮುದ್ರ ನಿರ್ಧರಿಸುವುದಿಲ್ಲ. ಹಿಡಿದ ಹಡಗಿನ ನೋಂದಣಿ, ಅದರ ಧ್ವಜ ಮತ್ತು ಒಡೆತನ ನಿರ್ಧರಿಸುತ್ತವೆ. ಫಾಕ್‌ಲ್ಯಾಂಡ್‌ನ ಕಥೆ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. 1973ರಲ್ಲಿ ಆ ದ್ವೀಪಗಳ ರಫ್ತೆಂದರೆ ಉಣ್ಣೆ. ಬ್ರಿಟನ್ನಿನ ಸೇರ್ಪಡೆಯಿಂದ ಅದಕ್ಕೆ ಹೇಳಿಕೊಳ್ಳುವಂತಹ ಬದಲಾವಣೆ ಆಗಲಿಲ್ಲ. 1986ರಲ್ಲಿ ಮೀನುಗಾರಿಕೆ ಸಂರಕ್ಷಣಾ ವಲಯ ಘೋಷಣೆಯಾಗಿ, 1987ರಿಂದ ಪರವಾನಗಿ ಪದ್ಧತಿ ಜಾರಿಗೆ ಬಂದ ಮೇಲೆ ದ್ವೀಪದ ಆರ್ಥಿಕತೆಯೇ ಬದಲಾಯಿತು. ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎನ್ನುವ ಸ್ಕ್ವಿಡ್ ಅಲ್ಲಿನ ಮುಖ್ಯ ಸಂಪತ್ತಾಯಿತು. ಅದೇ ಹೊತ್ತಿಗೆ, 1986ರಲ್ಲಿ, ಸ್ಪೇನ್ ಕೂಡ ಸಮುದಾಯಕ್ಕೆ ಸೇರಿತ್ತು. ಫಾಕ್‌ಲ್ಯಾಂಡ್ ಮತ್ತು ಸ್ಪೇನಿನ ಕಂಪನಿಗಳು ಜಂಟಿಯಾಗಿ ನಡೆಸುವ, ಫಾಕ್‌ಲ್ಯಾಂಡ್‌ನ ಧ್ವಜ ಹೊತ್ತ ಹಡಗುಗಳು ಹಿಡಿದ ಸ್ಕ್ವಿಡ್ ಸ್ಪೇನಿನ ವೀಗೊ ಬಂದರಿನಲ್ಲಿ ಸುಂಕವಿಲ್ಲದೆ ಇಳಿಯತೊಡಗಿತು. 1973ರ ಪಟ್ಟಿಯಲ್ಲಿ ಹೆಸರಿದ್ದದ್ದರ ನಿಜವಾದ ಪ್ರಯೋಜನ ಹದಿನಾಲ್ಕು ವರ್ಷಗಳ ಮೇಲೆ, ಆಗ ಯಾರೂ ಊಹಿಸದ ಸರಕಿನ ಮೂಲಕ ಬಂದಿತು.

ಬ್ರಿಟನ್ ಹೊರನಡೆದಾಗ ಈ ಪ್ರಯೋಜನ ಒಂದೇ ರಾತ್ರಿಯಲ್ಲಿ ಹೋಯಿತು. 2020ರ ಡಿಸೆಂಬರ್‌ನಲ್ಲಿ ಆದ ಬ್ರಿಟನ್–ಯುರೋಪ್ ವ್ಯಾಪಾರ ಒಪ್ಪಂದದಿಂದ ಸಾಗರೋತ್ತರ ಪ್ರದೇಶಗಳನ್ನು ಹೊರಗಿಡಲಾಯಿತು. ಬ್ರಿಟನ್ನಿನ ನೆಲದ ಸರಕಿಗೆ ಸುಂಕವಿಲ್ಲ, ಫಾಕ್‌ಲ್ಯಾಂಡ್‌ನ ಸ್ಕ್ವಿಡ್‌ಗೆ 2021ರ ಜನವರಿ 1ರಿಂದ ಶೇ. 6, ಇತರ ಮೀನುಗಳಿಗೆ ಶೇ. 18ರವರೆಗೆ ಸುಂಕ. ಇದರಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು, 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ಬ್ರಿಟನ್ನಿನ ಸಾಗರೋತ್ತರ ಪ್ರದೇಶಗಳ ಪೈಕಿ ಗಿಬ್ರಾಲ್ಟರ್‌ಗೆ ಮಾತ್ರ ಮತದಾನದ ಹಕ್ಕಿತ್ತು ಎಂಬುದು. ಇನ್ನೊಂದು ವಿಚಿತ್ರವೂ ಇಲ್ಲಿದೆ: ಅದೇ ನೀರಿನಲ್ಲಿ ಸ್ಪೇನಿನ ಧ್ವಜದ ಹಡಗು ಹಿಡಿದ ಸ್ಕ್ವಿಡ್ ಮೂಲದ ನಿಯಮದ ಪ್ರಕಾರ ಯುರೋಪಿನದೇ ಆದ್ದರಿಂದ ಅದಕ್ಕೆ ಸುಂಕವಿಲ್ಲ. ತನ್ನ ಧ್ವಜವನ್ನೇ ಹೊರೆಯಾಗಿಸುವ ಒತ್ತಡ ದ್ವೀಪದ ಮೇಲೆ ಹೀಗೆ ಬೀಳುತ್ತದೆ.

ಇಂತಹ ಸುಂಕವನ್ನು ಕೊನೆಗೆ ಕಟ್ಟುವವರು ಯಾರು ಎಂದು ಕೇಳಿಕೊಳ್ಳುವುದು ಅಗತ್ಯ. ಕಾಗದದ ಮೇಲೆ ಅದನ್ನು ಸ್ಪೇನಿನ ಆಮದುದಾರ ಕಟ್ಟುತ್ತಾನೆ. ಆದರೆ ವೀಗೊದ ವ್ಯಾಪಾರಿಗೆ ಬೇರೆ ಕಡಲುಗಳ ಸ್ಕ್ವಿಡ್ಡೂ ಸಿಗುತ್ತದೆ. ದ್ವೀಪಕ್ಕೆ ಅಷ್ಟು ದೊಡ್ಡ ಇನ್ನೊಂದು ಮಾರುಕಟ್ಟೆ ಸುಲಭವಾಗಿ ಸಿಗುವುದಿಲ್ಲ. ಬೆಲೆಯನ್ನು ನಿರ್ಧರಿಸುವ ಶಕ್ತಿಯಿಲ್ಲದ ಚಿಕ್ಕ ಮಾರಾಟಗಾರನ ಮೇಲೆ ಬಿದ್ದ ಸುಂಕದ ಬಹುಭಾಗ ಅವನ ಗಳಿಕೆಯಿಂದಲೇ ಕಳೆಯುತ್ತದೆ, ಅಲ್ಲಿಂದ ಹಡಗಿನ ಲಾಭಕ್ಕೆ, ಮುಂದೆ ಸರ್ಕಾರಕ್ಕೆ ಬರುವ ತೆರಿಗೆ ಮತ್ತು ಪರವಾನಗಿ ಶುಲ್ಕಕ್ಕೆ ತಟ್ಟುತ್ತದೆ. ರಫ್ತಾದ ಟನ್ನುಗಳ ಲೆಕ್ಕ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಬ್ರಿಟನ್ ಹೊರಹೋದದ್ದು ಬ್ರಿಟನ್ನಿಗೆ ಸಂಬಂಧಿಸದ ಪ್ರದೇಶಗಳನ್ನೂ ತಟ್ಟಿತು. ಬೇಯಿಸಿ ಸುಲಿದ ಶೀತಜಲ ಸಿಗಡಿಗೆ ಬ್ರಿಟನ್ ದೊಡ್ಡ ಮಾರುಕಟ್ಟೆ. ಅದು ಒಕ್ಕೂಟದೊಳಗೆ ಇರುವಷ್ಟು ಕಾಲ ಗ್ರೀನ್‌ಲ್ಯಾಂಡ್‌ನ ಸಿಗಡಿ ಅಲ್ಲಿಗೆ ಸುಂಕವಿಲ್ಲದೆ ಹೋಗುತ್ತಿತ್ತು. ಫೆರೋ ಎಲ್ಲವನ್ನೂ ತಾನೇ ಮಾತಾಡಿ ಪಡೆದು ಅಭ್ಯಾಸವಿದ್ದ ಪ್ರದೇಶ. 2019ರ ಜನವರಿಯಲ್ಲೇ ಬ್ರಿಟನ್ನಿನೊಡನೆ ಒಪ್ಪಂದಕ್ಕೆ ಸಹಿ ಹಾಕಿ, 2021ರ ಮೊದಲ ದಿನದಿಂದ ಅದನ್ನು ಜಾರಿಗೆ ತಂದಿತು. ಒಕ್ಕೂಟ ಕೊಟ್ಟ ಸ್ಥಾನವನ್ನು ಅವಲಂಬಿಸಿದ್ದ ಗ್ರೀನ್‌ಲ್ಯಾಂಡ್ ಬಳಿ ಅಂತಹ ಒಪ್ಪಂದವಿರಲಿಲ್ಲ. ಮಾತುಕತೆ ಶುರುವಾದದ್ದೇ 2022ರಲ್ಲಿ. ಅಷ್ಟರಲ್ಲಿ ಅದರ ಸಿಗಡಿಗೆ ಬ್ರಿಟನ್ನಿನಲ್ಲಿ ಶೇ. 20ರ ಸುಂಕ ಬಿದ್ದಾಗಿತ್ತು.

ಬಾಗಿಲು ತೆರೆದೇ ಇದ್ದರೂ ಅದರ ಬೆಲೆ ಕಡಿಮೆಯಾಗುತ್ತ ಹೋಗುವುದು ಇನ್ನೊಂದು ಸಂಗತಿ. ಒಕ್ಕೂಟ ಇತರರೊಡನೆ ಹೊಸ ಒಪ್ಪಂದ ಮಾಡಿಕೊಂಡಂತೆಲ್ಲ ಹಳೆಯ ರಿಯಾಯಿತಿದಾರನ ಮುಂಚೂಣಿ ಸವೆಯುತ್ತದೆ. ಕೆನಡಾದೊಡನೆ ಆದ ಒಪ್ಪಂದ 2017ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಾಗ ಗ್ರೀನ್‌ಲ್ಯಾಂಡ್‌ನ ನೇರ ಪ್ರತಿಸ್ಪರ್ಧಿಯಾದ ಕೆನಡಾದ ಸಿಗಡಿಗೂ ಸುಂಕದ ತಡೆ ಸರಿಯಿತು. ಬಾಳೆಹಣ್ಣಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಮಾರ್ಟಿನೀಕ್ ಮತ್ತು ಗ್ವಾಡಲೂಪ್‌ನ ಬಾಳೆ ಯುರೋಪಿನೊಳಗಿನ ಬೆಳೆಯೇ. ಲ್ಯಾಟಿನ್ ಅಮೆರಿಕದ ಬಾಳೆ ಟನ್ನಿಗೆ 176 ಯುರೋ ಸುಂಕ ಕಟ್ಟಿ ಬರಬೇಕಿತ್ತು. ದೀರ್ಘಕಾಲದ ವ್ಯಾಜ್ಯದ ಬಳಿಕ 2009ರ ಜಿನೀವಾ ಒಪ್ಪಂದದಲ್ಲಿ ಅದನ್ನು ಹಂತಹಂತವಾಗಿ 114 ಯುರೋಗೆ ಇಳಿಸಲು ಒಪ್ಪಿಗೆಯಾಯಿತು. ಕೊಲಂಬಿಯಾ, ಪೆರು ಮೊದಲಾದವುಗಳಿಗೆ ಪ್ರತ್ಯೇಕ ಒಪ್ಪಂದಗಳ ಮೂಲಕ 75 ಯುರೋಗೆ ಇಳಿಯಿತು. ಯುರೋಪಿನ ಕೂಲಿ ಕಾನೂನಿಗೆ ಬದ್ಧರಾದ ದ್ವೀಪದ ಬೆಳೆಗಾರರು ಇಂದು ಉಳಿದಿರುವುದರಲ್ಲಿ ಸುಂಕದ ರಕ್ಷಣೆಗಿಂತ ಸಹಾಯಧನದ ಪಾತ್ರ ದೊಡ್ಡದು.

ಸುಂಕಕ್ಕೆ ಸಂಬಂಧವೇ ಇಲ್ಲದ ನಿಯಮಗಳೂ ರಫ್ತನ್ನು ಕೊಲ್ಲಬಲ್ಲವು. 1983ರಲ್ಲಿ ಸಮುದಾಯ ಸೀಲ್ ಮರಿಗಳ ತೊಗಲಿನ ಆಮದನ್ನು ನಿಷೇಧಿಸಿತು. ಗ್ರೀನ್‌ಲ್ಯಾಂಡ್‌ನ ಮೂಲನಿವಾಸಿಗಳಾದ ಇನ್ಯೂಯಿಟ್ ಬೇಟೆಗಾರರು ಹಿಡಿಯುತ್ತಿದ್ದದ್ದು ಬೆಳೆದ ಸೀಲ್‌ಗಳನ್ನು, ಊಟಕ್ಕಾಗಿ. ನಿಷೇಧ ಅವರಿಗೆ ಅನ್ವಯಿಸುತ್ತಿರಲಿಲ್ಲ. ಆದರೂ ಕೊಳ್ಳುವವರೇ ಇಲ್ಲವಾಗಿ ತೊಗಲಿನ ಬೆಲೆ ಕುಸಿಯಿತು. 2009ರ ಕಟ್ಟುನಿಟ್ಟಿನ ನಿಷೇಧದಲ್ಲಿ ಇನ್ಯೂಯಿಟ್ ಸಮುದಾಯಗಳಿಗೆ ಸ್ಪಷ್ಟ ವಿನಾಯಿತಿ ಬರೆದಿದ್ದರೂ ಮಾರುಕಟ್ಟೆ ಚೇತರಿಸಲಿಲ್ಲ. ಇದಕ್ಕೆ ಎದುರಾಗಿ ಒಂದು ಒಳ್ಳೆಯ ಬೆಳವಣಿಗೆಯನ್ನೂ ಹೇಳಬೇಕು: 2011ರ ಒಂದು ನಿರ್ಧಾರದಿಂದ ಗ್ರೀನ್‌ಲ್ಯಾಂಡ್ ಯುರೋಪಿನ ಆಹಾರ ಸುರಕ್ಷತಾ ನಿಯಮಗಳನ್ನು ತಾನೇ ಜಾರಿಗೊಳಿಸಿ, ಅದಕ್ಕೆ ಪ್ರತಿಯಾಗಿ ಅದರ ಮೀನಿಗೆ ಗಡಿ ತಪಾಸಣೆಯ ವಿಷಯದಲ್ಲಿ ಒಳಗಿನ ಸರಕಿನಂತಹ ಸರಳ ವ್ಯವಸ್ಥೆ ದೊರೆಯಿತು. ಬೇಗ ಕೆಡುವ ಸರಕಿಗೆ ಬಂದರಿನಲ್ಲಿ ಉಳಿಯುವ ಒಂದು ದಿನ ಕೂಡ ಸುಂಕದಷ್ಟೇ ಮುಖ್ಯ.

ಕೊನೆಯದಾಗಿ ಅಂಕಿಅಂಶದ ಪ್ರಶ್ನೆ. 1973ಕ್ಕೆ ಮುಂಚಿನ ಮತ್ತು ಆನಂತರದ ಒಟ್ಟು ರಫ್ತನ್ನು ಹೋಲಿಸಿ ತೀರ್ಮಾನಕ್ಕೆ ಬರಬೇಡಿ. ಗ್ರೀನ್‌ಲ್ಯಾಂಡ್‌ನ ಪಶ್ಚಿಮ ಕರಾವಳಿಯಲ್ಲಿ 1960ರ ದಶಕದ ಕೊನೆಯಿಂದ ಸಮುದ್ರ ತಣ್ಣಗಾದದ್ದು ಮತ್ತು ಅತಿಯಾದ ಮೀನುಗಾರಿಕೆ ಸೇರಿ ಕಾಡ್ ಮೀನು ಕುಸಿಯಿತು, ಸಿಗಡಿ ಹೆಚ್ಚಿತು. ಆ ದಶಕದ ರಫ್ತಿನ ಏರಿಳಿತದಲ್ಲಿ ಕಡಲಿನ ಪಾಲೆಷ್ಟು, ಒಕ್ಕೂಟದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಫೆರೋದಲ್ಲಿ 1990ರ ದಶಕದ ಆರಂಭದ ಘೋರ ಬಿಕ್ಕಟ್ಟಿಗೆ ಮೀನಿನ ಕೊರತೆ ಮತ್ತು ಬ್ಯಾಂಕುಗಳ ಕುಸಿತ ಕಾರಣವೇ ಹೊರತು ಒಕ್ಕೂಟದಿಂದ ಹೊರಗಿದ್ದುದಲ್ಲ. ಒಂದೆರಡು ಸರಕಿನ ಮೇಲೆ ನಿಂತ ಆರ್ಥಿಕತೆಯಲ್ಲಿ ಪ್ರಕೃತಿಯ ಏರಿಳಿತ ಸುಂಕದ ಪರಿಣಾಮವನ್ನು ಪೂರ್ತಿ ಮರೆಮಾಡಬಲ್ಲದು.

ಆದ್ದರಿಂದ ಮೊದಲು ಒಪ್ಪಂದದ ಪ್ರಾದೇಶಿಕ ಅನ್ವಯದ ವಿಧಿಯನ್ನು ಓದಿ; ಉದಾಹರಣೆಗೆ ಪೆಸಿಫಿಕ್ ಸಾಗರದ ಆಸುಪಾಸಿನ ದೇಶಗಳ ಸಮಗ್ರ ವ್ಯಾಪಾರ ಒಪ್ಪಂದದಲ್ಲಿ ನ್ಯೂಜಿಲ್ಯಾಂಡ್ ತನ್ನ ಅಧೀನದ ಟೊಕೆಲಾವ್ ದ್ವೀಪಗಳನ್ನು ಹೊರಗಿಟ್ಟಿದೆ ಎಂಬುದು ಅಂತಹ ವಿಧಿಯಿಂದಲೇ ತಿಳಿಯುತ್ತದೆ. ಆಮೇಲೆ ಆ ಪ್ರದೇಶದ ಒಂದು ಮುಖ್ಯ ಸರಕನ್ನು, ಅದರ ಸುಂಕ ಸಂಕೇತದ ಮಟ್ಟದಲ್ಲಿ, ಆರಿಸಿಕೊಳ್ಳಿ. ಪ್ರಮಾಣದ ಬದಲು ಕಿಲೋಗ್ರಾಮಿಗೆ ಸಿಕ್ಕ ಬೆಲೆಯನ್ನು ನೋಡಿ, ಮತ್ತು ಸುಂಕ ಬದಲಾದ ಮಾರುಕಟ್ಟೆಯ ಜೊತೆಗೆ ಬದಲಾಗದ ಮಾರುಕಟ್ಟೆಯನ್ನೂ ಇಟ್ಟು ಹೋಲಿಸಿ. ಗ್ರೀನ್‌ಲ್ಯಾಂಡ್‌ನ ಬೇಯಿಸಿ ಸುಲಿದ ಸಿಗಡಿ ಇದಕ್ಕೆ ಹೇಳಿ ಮಾಡಿಸಿದ ಸರಕು: 2021ರಿಂದ ಬ್ರಿಟನ್ನಿನಲ್ಲಿ ಅದಕ್ಕೆ ಸುಂಕ ಬಿದ್ದಿದೆ, ಡೆನ್ಮಾರ್ಕ್‌ನಲ್ಲಿ ಬಿದ್ದಿಲ್ಲ, ಹಿಡಿದ ಕಡಲು ಮಾತ್ರ ಒಂದೇ. 2018ರಿಂದ 2024ರವರೆಗಿನ ಮಾಸಿಕ ಆಮದು ಬೆಲೆಗಳನ್ನು ಎರಡೂ ದೇಶಗಳ ಕಸ್ಟಮ್ಸ್ ದಾಖಲೆಗಳಿಂದ ತೆಗೆದು ಅಕ್ಕಪಕ್ಕ ಇಟ್ಟರೆ, ಸುಂಕದ ಎಷ್ಟು ಭಾಗವನ್ನು ದ್ವೀಪ ಹೊತ್ತಿದೆ ಎಂಬ ಅಂದಾಜು ನಿಮ್ಮ ಕೈಗೆ ಬರುತ್ತದೆ. ಕೋವಿಡ್‌ನಿಂದ ಹೋಟೆಲುಗಳು ಮುಚ್ಚಿದ್ದ ತಿಂಗಳುಗಳನ್ನು ಮಾತ್ರ ಬೇರೆಯಾಗಿ ಗುರುತು ಹಾಕಿಕೊಳ್ಳಿ.